ಓದುಗರ ಪ್ರಶ್ನೆ: ಸಿನಿಮಾ ಚೆನ್ನಾಗಿ ಓಡುತ್ತದೆ, ಲೈವ್ ಟಿವಿ ಮಾತ್ರ ಯಾಕೆ ಒಡೆಯುತ್ತದೆ?

ಪ್ರಶ್ನೆ: ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರಿನಲ್ಲಿ, ಕೋಡಿ ಪ್ಲೇಯರ್ ಓಡಿಸುವ ಲಿಬ್ರೆಎಲೆಕ್ ಸಿಸ್ಟಮ್ ಹಾಕಿದ್ದೇನೆ. ಯುಎಸ್‌ಬಿ ಡಿಶ್ ಟ್ಯೂನರ್ ಜೋಡಿಸಿ, ಟಿವಿಹೆಡೆಂಡ್ (ಟ್ಯೂನರ್‌ನಿಂದ ಚಾನೆಲ್ ತೆಗೆದುಕೊಡುವ ಸಾಫ್ಟ್‌ವೇರ್) ಮೂಲಕ ಕೋಡಿಯಲ್ಲಿ ಡಿಡಿ ಫ್ರೀ ಡಿಶ್ ನೋಡುತ್ತೇವೆ. ಹಾರ್ಡ್ ಡಿಸ್ಕ್‌ನಲ್ಲಿರುವ ಸಿನಿಮಾಗಳು ಆರಾಮಾಗಿ ಓಡುತ್ತವೆ. ಚಂದನ ಹಾಕಿದರೆ ಮಾತ್ರ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಯಾರಾದರೂ ಓಡಾಡಿದರೆ ಅಂಚಿನಲ್ಲಿ ಗೆರೆ ಗೆರೆ ಕಾಣುತ್ತದೆ. ಪೈ 5 ತಗೊಂಡರೆ ಸರಿಹೋಗುತ್ತಾ?

ಉತ್ತರ: ದಯವಿಟ್ಟು ಈಗಲೇ ದುಡ್ಡು ಹಾಕಬೇಡಿ. ನೀವು ಹೇಳುತ್ತಿರುವುದು ಎರಡು ಬೇರೆ ಬೇರೆ ತೊಂದರೆ. ಚೌಕ ಒಂದು, ಗೆರೆ ಇನ್ನೊಂದು. ಎರಡಕ್ಕೂ ಪೈ 5 ಮದ್ದಲ್ಲ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಟಿವಿಹೆಡೆಂಡ್‌ನಲ್ಲಿ ಚಂದನವನ್ನು 10 ನಿಮಿಷ ರೆಕಾರ್ಡ್ ಮಾಡಿ. ಪ್ರೊಫೈಲ್ 'ಪಾಸ್' ಇರಲಿ, ಆಗ ಬಂದ ಸಿಗ್ನಲ್ ಬಂದ ಹಾಗೇ ಫೈಲ್ ಆಗುತ್ತದೆ. ಆಮೇಲೆ ಅದೇ ಫೈಲನ್ನು ಎರಡು ಸಲ ನೋಡಿ. ಎರಡು ಸಲವೂ ಅದೇ ಜಾಗದಲ್ಲಿ ಚಿತ್ರ ಒಡೆದರೆ, ಫೈಲಿಗೆ ಸೇರುವ ಮೊದಲೇ ಡೇಟಾ ಕಳೆದುಹೋಗಿದೆ ಎಂದರ್ಥ. ಡಿಶ್, ಕೇಬಲ್, ಟ್ಯೂನರ್, ಕರೆಂಟ್ ಇವಿಷ್ಟನ್ನೇ ನೋಡಿದರೆ ಸಾಕು. ಒಂದೊಂದು ಸಲ ಒಂದೊಂದು ಕಡೆ ತಡವರಿಸಿದರೆ ತೊಂದರೆ ಇರುವುದು ಚಿತ್ರ ಬಿಡಿಸಿ ತೋರಿಸುವ ಕಡೆ. ಎಷ್ಟೋ ಜನ ಈ ಪರೀಕ್ಷೆ ಮಾಡದೆ ವಾರಗಟ್ಟಲೆ ಕೋಡಿಯ ಸೆಟ್ಟಿಂಗ್ ಬದಲಾಯಿಸುತ್ತಾ ಕೂರುತ್ತಾರೆ. ನಾನೂ ಹಾಗೇ ಎರಡು ವಾರ ಕಳೆದೆ. ಕೊನೆಗೆ ಸಿಕ್ಕಿದ್ದು ಬಾಲ್ಕನಿಯಲ್ಲಿ ನೀರು ಕುಡಿದು ಹಸಿರುಗಟ್ಟಿದ್ದ ಒಂದು ಕನೆಕ್ಟರ್.

ಚೌಕ ಬರುವುದು ಹೇಗೆ ಅಂದರೆ, ಡಿಶ್‌ನಿಂದ ಬರುವ ಡೇಟಾ 188 ಬೈಟ್‌ಗಳ ಪುಟ್ಟ ಪ್ಯಾಕೆಟ್‌ಗಳಲ್ಲಿ ಇರುತ್ತದೆ. ಚಿತ್ರ, ಧ್ವನಿ ಹೀಗೆ ಒಂದೊಂದರ ಪ್ಯಾಕೆಟ್‌ಗಳಿಗೂ 0ಯಿಂದ 15ರವರೆಗೆ ಸುತ್ತುವ ಕ್ರಮಸಂಖ್ಯೆ ಇದೆ. 6 ಆದಮೇಲೆ ನೇರ 9 ಬಂದರೆ ನಡುವೆ ಎರಡು ಬಿದ್ದುಹೋದವು ಅಂತ ಟಿವಿಹೆಡೆಂಡ್‌ಗೆ ಗೊತ್ತಾಗುತ್ತದೆ. ಲೈವ್ ಟಿವಿಯಲ್ಲಿ ಪ್ರತಿ ಚಿತ್ರವೂ ಪೂರ್ತಿಯಾಗಿ ಬರುವುದಿಲ್ಲ, ಹಿಂದಿನದಕ್ಕಿಂತ ಏನು ಬದಲಾಯಿತು ಅನ್ನುವುದಷ್ಟೇ ಜಾಸ್ತಿ ಬರುತ್ತದೆ. ಹಾಗಾಗಿ ಒಂದೆರಡು ಪ್ಯಾಕೆಟ್ ಹೋದರೂ ಮುಂದಿನ ಪೂರ್ತಿ ಚಿತ್ರ ಬರುವ ತನಕ ಪರದೆ ಕಲಸಿಹೋಗಿರುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಬ್ರೌಸರ್‌ನಲ್ಲಿ ಪೈ ವಿಳಾಸದ ಕೊನೆಗೆ :9981 ಅಂತ ಪೋರ್ಟ್ ಹಾಕಿ ಟಿವಿಹೆಡೆಂಡ್ ತೆಗೆಯಿರಿ, ಸ್ಟೇಟಸ್ ಒಳಗೆ ಸ್ಟ್ರೀಮ್ ಪುಟಕ್ಕೆ ಹೋಗಿ. ಸಿಗ್ನಲ್‌ನ ಗುಣಮಟ್ಟ ಕುಸಿಯುತ್ತಾ, 'ಅನ್‌ಕರೆಕ್ಟೆಡ್ ಬ್ಲಾಕ್ಸ್' (ಸರಿಪಡಿಸಲಾಗದ ಡೇಟಾ) ಮತ್ತು 'ಕಂಟಿನ್ಯೂಯಿಟಿ ಎರರ್ಸ್' (ಕ್ರಮಸಂಖ್ಯೆ ತಪ್ಪಿದ್ದು) ಎರಡೂ ಏರುತ್ತಿದ್ದರೆ ಡಿಶ್ ಅಥವಾ ಕೇಬಲ್ ಕಡೆ ನೋಡಿ. ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದ ಜಿಸ್ಯಾಟ್-15 ಉಪಗ್ರಹದಿಂದ. ನಮ್ಮ ಕಡೆಯಿಂದ ಅದು ಆಗ್ನೇಯ ದಿಕ್ಕಿಗಿದೆ, ಆ ಕಡೆ ತೆಂಗಿನ ಗರಿ ಬೆಳೆದು ಅಡ್ಡ ಬಂದಿದೆಯಾ ನೋಡಿ. ಜೋರು ಮಳೆಯಲ್ಲಿ ಮಾತ್ರ ಹೋಗಿ ಮಳೆ ನಿಂತ ಮೇಲೆ ಸರಿಯಾದರೆ ಗಾಬರಿ ಬೇಡ, ಡಿಶ್ ಸಿಗ್ನಲ್ ಬರುವ ಕೆಯು ಬ್ಯಾಂಡ್ ತರಂಗಗಳ ಸ್ವಭಾವವೇ ಅದು.

ಸಿಗ್ನಲ್ ಚೆನ್ನಾಗಿದ್ದು, ಕಂಟಿನ್ಯೂಯಿಟಿ ಎರರ್ಸ್ ಮಾತ್ರ ಏರುತ್ತಿದೆಯಾ? ಆಗ ಡೇಟಾ ಟ್ಯೂನರ್‌ವರೆಗೆ ಸರಿಯಾಗಿ ಬಂದು, ಅಲ್ಲಿಂದ ಪೈಗೆ ಬರುವ ದಾರಿಯಲ್ಲಿ ಬೀಳುತ್ತಿರಬಹುದು. (ಕೆಲವು ಟ್ಯೂನರ್ ಡ್ರೈವರ್‌ಗಳು ಸಿಗ್ನಲ್ ಅಂಕಿಯನ್ನು ಸರಿಯಾಗಿ ಕೊಡುವುದಿಲ್ಲ, ಅದೊಂದು ನೆನಪಿರಲಿ.) ನಿಮ್ಮ ಪ್ರಶ್ನೆಯಲ್ಲೇ ಇದಕ್ಕೊಂದು ಸುಳಿವಿದೆ: ಹಾರ್ಡ್ ಡಿಸ್ಕ್. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ ಕೊಡುವುದು ಸುಮಾರು 1.2 ಆಂಪಿಯರ್ ಮಾತ್ರ. ಡಿಸ್ಕ್ ಪೈಯಿಂದಲೇ ಕರೆಂಟ್ ಎಳೆಯುತ್ತಿದ್ದು, ಮೇಲಿಂದ ಪೈಗೆ ಹಾಕಿರುವುದು ಹಳೇ ಮೊಬೈಲ್ ಚಾರ್ಜರ್ ಆದರೆ ಟ್ಯೂನರ್‌ಗೆ ಏನು ಉಳಿಯುತ್ತದೆ ಹೇಳಿ? ಸಿಸ್ಟಮ್ ಲಾಗ್‌ನಲ್ಲಿ 'ಅಂಡರ್-ವೋಲ್ಟೇಜ್ ಡಿಟೆಕ್ಟೆಡ್' ಅಂತ ಇದ್ದರೆ ಅನುಮಾನವೇ ಬೇಡ. 5.1 ವೋಲ್ಟ್, 3 ಆಂಪಿಯರ್‌ನ ಸರಿಯಾದ ಅಡಾಪ್ಟರ್ ಹಾಕಿ, ಡಿಸ್ಕನ್ನು ಬೇರೆ ಕರೆಂಟ್ ಇರುವ ಯುಎಸ್‌ಬಿ ಹಬ್‌ಗೆ ಸಿಕ್ಕಿಸಿ.

ಇನ್ನು ಗೆರೆಗಳು. ಇದು ಸಿಗ್ನಲ್ ತೊಂದರೆಯೇ ಅಲ್ಲ. ನಮ್ಮ ಎಸ್‌ಡಿ (ಎಚ್‌ಡಿ ಅಲ್ಲದ ಸಾಧಾರಣ) ಚಾನೆಲ್‌ಗಳು ಇಂಟರ್ಲೇಸ್ಡ್, ಅಂದರೆ 576 ಸಾಲುಗಳಲ್ಲಿ ಸಮ ಸಾಲು ಒಮ್ಮೆ, ಬೆಸ ಸಾಲು ಒಮ್ಮೆ, ಹೀಗೆ ಸೆಕೆಂಡಿಗೆ 50 ಅರ್ಧ ಚಿತ್ರಗಳು. ಎರಡು ಅರ್ಧಗಳ ನಡುವೆ ಮನುಷ್ಯ ಸ್ವಲ್ಪ ಸರಿದಿರುತ್ತಾನೆ ಅಲ್ವಾ? ಅವನ್ನು ಸುಮ್ನೆ ಜೋಡಿಸಿದರೆ ಅಂಚು ಬಾಚಣಿಗೆ ಹಲ್ಲಿನ ಹಾಗಾಗುತ್ತದೆ. ಸಿನಿಮಾ ಫೈಲ್‌ಗಳಲ್ಲಿ ಸಾಮಾನ್ಯವಾಗಿ ಪೂರ್ತಿ ಚಿತ್ರಗಳೇ ಇರುವುದರಿಂದ ಅಲ್ಲಿ ಇದು ಕಾಣುವುದಿಲ್ಲ. ಚಾನೆಲ್ ಓಡುತ್ತಿರುವಾಗಲೇ ಕೋಡಿಯ ವಿಡಿಯೋ ಸೆಟ್ಟಿಂಗ್ ತೆಗೆದು ಡಿಇಂಟರ್ಲೇಸ್ ಆನ್ ಮಾಡಿ, ಎಲ್ಲ ಚಾನೆಲ್‌ಗೂ ಅದನ್ನೇ ಉಳಿಸಿ.

ಕೆಳಗೆ ಓಡುವ ಸುದ್ದಿಪಟ್ಟಿ ಎಳೆದು ಎಳೆದು ಹೋಗುತ್ತಿದ್ದರೆ ಟಿವಿ 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ ಲೆಕ್ಕದಲ್ಲಿ ಇರಬಹುದು. ಪ್ಲೇಯರ್ ಸೆಟ್ಟಿಂಗ್‌ನಲ್ಲಿ 'ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್' ಆನ್ ಮಾಡಿದರೆ ಚಾನೆಲ್ ಹಾಕಿದಾಗ ಟಿವಿ 50ಕ್ಕೆ ಹೋಗುತ್ತದೆ.

ಪೈ 5 ವಿಷಯ: ಅದರಲ್ಲಿ ಎಚ್.264 (ವಿಡಿಯೋ ಕುಗ್ಗಿಸುವ ಒಂದು ವಿಧಾನ) ಬಿಡಿಸುವ ಹಾರ್ಡ್‌ವೇರೇ ಇಲ್ಲ, ಪೈ 4ರಲ್ಲಿದೆ. ಫ್ರೀ ಡಿಶ್‌ನ ಹಳೇ ಎಂಪೆಗ್-2 ವಿಧಾನದ ಎಸ್‌ಡಿ ಚಾನೆಲ್‌ಗಳನ್ನು ಪೈ 4ರ ಪ್ರೊಸೆಸರ್ ಸಲೀಸಾಗಿ ನಿಭಾಯಿಸುತ್ತದೆ. ನಾನಾಗಿದ್ದರೆ ಇವತ್ತು ಸಂಜೆ ಡಿಸ್ಕ್ ಕಿತ್ತಿಟ್ಟು ಒಂದು ಗಂಟೆ ಚಂದನ ನೋಡುತ್ತಿದ್ದೆ. ಚೌಕ ಬರಲಿಲ್ಲವೆಂದರೆ ನೀವು ಕೊಳ್ಳಬೇಕಾಗಿರುವುದು ಒಂದು ಹಬ್ ಮಾತ್ರ.