ಬಣ್ಣದ ಜಗಳ ಮುಗಿಯಿತು, ಬಟ್ಟೆಯದು ಉಳಿಯಿತು: ತ್ರಿವರ್ಣ ಧ್ವಜದ ಹಿನ್ನೆಲೆ

ಕೇಸರಿ ತ್ಯಾಗಕ್ಕೆ, ಬಿಳಿ ಶಾಂತಿಗೆ, ಹಸಿರು ಸಮೃದ್ಧಿಗೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಈ ಸಾಲು ಎಷ್ಟು ಸಲೀಸೋ, ಅಲ್ಲಿಗೆ ತಲುಪಿದ ದಾರಿ ಅಷ್ಟೇ ತಕರಾರಿನದು. ನಮ್ಮ ಧ್ವಜ ಮೊದಲು ಹೇಳಿದ್ದು ಬೇರೆಯೇ ಅರ್ಥವನ್ನು.

1921ರಲ್ಲಿ ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ, ಕಾಂಗ್ರೆಸ್ ಸಮಿತಿಯ ಸಭೆ ಸೇರಿದಾಗ ಪಿಂಗಳಿ ವೆಂಕಯ್ಯ ಕೆಂಪು ಮತ್ತು ಹಸಿರು ಪಟ್ಟಿಗಳ ವಿನ್ಯಾಸವೊಂದನ್ನು ಗಾಂಧೀಜಿಗೆ ತೋರಿಸಿದರು. ಧ್ವಜದಲ್ಲಿ ಚರಕ ಇರಲಿ ಎಂದು ಸೂಚಿಸಿದವರು ಜಲಂಧರಿನ ಲಾಲಾ ಹಂಸರಾಜ್. ಬಿಳಿಯನ್ನು ಸೇರಿಸಿದ್ದು ಗಾಂಧೀಜಿ. ಕೆಂಪು ಹಿಂದೂಗಳಿಗೆ, ಹಸಿರು ಮುಸ್ಲಿಮರಿಗೆ, ಬಿಳಿ ಉಳಿದೆಲ್ಲ ಧರ್ಮದವರಿಗೆ ಎಂದು ಅವರೇ ಬರೆದು ವಿವರಿಸಿದರು.

ಒಂದೊಂದು ಸಮುದಾಯಕ್ಕೆ ಒಂದೊಂದು ಬಣ್ಣವೆಂದು ಹಂಚಿದ ಮೇಲೆ ‘ನಮ್ಮದೆಲ್ಲಿ?’ ಎಂಬ ಪ್ರಶ್ನೆ ಬಾರದಿದ್ದೀತೆ? ಸಿಖ್ಖರು ತಮ್ಮ ಬಣ್ಣವನ್ನೂ ಕೇಳಿದರು. 1931ರಲ್ಲಿ ಕಾಂಗ್ರೆಸ್ ಏಳು ಜನರ ಸಮಿತಿ ರಚಿಸಿತು. ಪಟೇಲ್, ನೆಹರೂ, ಆಜಾದ್, ಮಾಸ್ಟರ್ ತಾರಾಸಿಂಗ್ ಅವರೊಂದಿಗೆ ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರರೂ ಅದರಲ್ಲಿದ್ದರು. ಧ್ವಜದ ವಿಷಯದಲ್ಲಿ ಮಾತಾಡುವ ಅಧಿಕಾರ ಅವರಿಗೆ ಸುಮ್ಮನೆ ಬಂದದ್ದಲ್ಲ. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಹುಬ್ಬಳ್ಳಿಯ ಸ್ವಯಂಸೇವಕರು ಜೈಲು ಸೇರಿದ್ದರು, ಅದೇ ವರ್ಷದ ಕೊನೆಗೆ ಹರ್ಡೀಕರರು ಕಾಂಗ್ರೆಸ್ಸಿನ ಸ್ವಯಂಸೇವಕ ಪಡೆಯಾದ ಸೇವಾದಳವನ್ನು ಕಟ್ಟಿದ್ದರು.

ಸಮಿತಿ ಕೊಟ್ಟ ಉತ್ತರ ಇಂದು ಹಲವರಿಗೆ ಅಚ್ಚರಿ ತಂದೀತು: ಇಡೀ ಧ್ವಜ ಕೇಸರಿಯೇ ಆಗಿರಲಿ, ಅದರ ಮೇಲೊಂದು ಚರಕ ಸಾಕು. ಕಾಂಗ್ರೆಸ್ ಇದನ್ನು ಒಪ್ಪಲಿಲ್ಲ. ಆ ವರ್ಷದ ಆಗಸ್ಟಿನಲ್ಲಿ ಕೇಸರಿ, ಬಿಳಿ, ಹಸಿರು ಪಟ್ಟಿಗಳು ಮತ್ತು ನೀಲಿ ಚರಕ ಸ್ವೀಕೃತವಾದವು. ಅದಕ್ಕಿಂತ ಮುಖ್ಯವಾದದ್ದು, ಬಣ್ಣಗಳಿಗೆ ಯಾವ ಕೋಮಿನ ಅರ್ಥವೂ ಇಲ್ಲವೆಂದು ನಿರ್ಣಯದಲ್ಲೇ ಬರೆದದ್ದು. ಧರ್ಮದ ಲೆಕ್ಕವನ್ನು ಅಳಿಸಿ ಗುಣಗಳ ಲೆಕ್ಕ ಬರೆದ ಆ ಜಾಣತನಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ ಎಂದು ನನ್ನ ಅನಿಸಿಕೆ.

ಮೈಸೂರು ಸಂಸ್ಥಾನದಲ್ಲಿ ತಕರಾರು ಬಣ್ಣದ್ದಾಗಿರಲಿಲ್ಲ, ಧ್ವಜ ಏರಿಸಬಹುದೇ ಎಂಬುದೇ ಅಲ್ಲಿನ ಪ್ರಶ್ನೆ. 1938ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯ ನಿಷೇಧಾಜ್ಞೆ ಮುರಿದು ಧ್ವಜ ಹಾರಿಸಿ ಬಂಧನಕ್ಕೊಳಗಾದರು. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕವೇ ಬೇರೆ, ಊರವರ ಲೆಕ್ಕವೇ ಬೇರೆ. ಪಟೇಲ್ ಮತ್ತು ಕೃಪಲಾನಿ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತುಕತೆ ನಡೆಸಿದ ಮೇಲೆ ರಾಜಿಯಾಯಿತು: ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಧ್ವಜವೂ ಹಾರಬಹುದು.

1947ರ ಜುಲೈ 22ರಂದು ಸಂವಿಧಾನ ರಚನಾ ಸಭೆಯಲ್ಲಿ ನೆಹರೂ ನಿರ್ಣಯ ಮಂಡಿಸಿದಾಗ ಬಣ್ಣಗಳು ಹಾಗೆಯೇ ಇದ್ದವು, ಚರಕ ಹೋಗಿತ್ತು. ಕಾರಣ ತೀರಾ ವ್ಯಾವಹಾರಿಕ. ಧ್ವಜದ ಎರಡೂ ಬದಿಯಲ್ಲಿ ಚಿಹ್ನೆ ಒಂದೇ ರೀತಿ ಕಾಣಬೇಕು. ಇಡೀ ಚರಕ ಹಾಗೆ ಕಾಣುವುದಿಲ್ಲ, ಚಕ್ರ ಕಾಣುತ್ತದೆ. ಹೀಗೆ ಕದಿರು, ದಾರಗಳನ್ನು ಬಿಟ್ಟು ಚಕ್ರವನ್ನು ಉಳಿಸಿಕೊಂಡು, ಅದಕ್ಕೆ ಸಾರನಾಥದ ಅಶೋಕ ಸ್ತಂಭದ ಚಕ್ರದ ರೂಪ ಕೊಟ್ಟರು. ಆ ಚಕ್ರ ಚರಕದ ಪ್ರತೀಕವೆಂದು ನಿರ್ಣಯವೇ ಹೇಳುತ್ತದೆ. ಧರ್ಮಚಕ್ರದ ಮಾತಾಡುವ ನಮಗೆ ಈ ಸಾಲು ಮರೆತೇಹೋಗಿದೆ. ರಾಧಾಕೃಷ್ಣನ್ ಅದೇ ಸಭೆಯಲ್ಲಿ ಕೇಸರಿಯನ್ನು ವೈರಾಗ್ಯಕ್ಕೆ, ಹಸಿರನ್ನು ಮಣ್ಣಿನೊಡನೆ ನಮಗಿರುವ ನಂಟಿಗೆ, ಚಕ್ರವನ್ನು ಧರ್ಮಕ್ಕೂ ಚಲನೆಗೂ ಹೊಂದಿಸಿ ಮಾತಾಡಿದರು.

ಚರಕ ಚಿತ್ರದಿಂದ ಹೋದರೂ ಬಟ್ಟೆಯಲ್ಲಿ ಉಳಿಯಿತು. 2021ರ ಕೊನೆಯವರೆಗೂ ಕೈಯಿಂದ ನೂತು, ಕೈಯಿಂದಲೇ ನೇಯ್ದ ಬಟ್ಟೆಯ ಧ್ವಜವಷ್ಟೇ ಅಧಿಕೃತವಾಗಿತ್ತು. ಭಾರತೀಯ ಮಾನಕ ಸಂಸ್ಥೆಯ ಪಟ್ಟಿಯಲ್ಲಿ ಒಂದನೇ ಸಂಖ್ಯೆಯ ಮಾನಕ ರಾಷ್ಟ್ರಧ್ವಜದ್ದೇ. ಅಳತೆ, ಬಣ್ಣದ ಛಾಯೆ, ಚಕ್ರದ 24 ಅರಗಳು, ಎಲ್ಲಕ್ಕೂ ಅಲ್ಲಿ ನಿಯಮವಿದೆ. ಧ್ವಜದ ಬಟ್ಟೆಗೆ ಹೆಸರಾದದ್ದು ಧಾರವಾಡದ ಬಳಿಯ ಗರಗ. ಈ ಮಾನಕದ ಪ್ರಕಾರ ಧ್ವಜ ಹೊಲಿಯುವುದರಲ್ಲಿ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಹೆಸರು ದೇಶಕ್ಕೆಲ್ಲ ಗೊತ್ತು. ಅಲ್ಲಿ ದುಡಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು.

ಧ್ವಜ ಬಹುಕಾಲ ಸರ್ಕಾರದ ಸೊತ್ತಿನಂತಿತ್ತು. 2002ರ ಧ್ವಜ ಸಂಹಿತೆ ನಾಗರಿಕರಿಗೆ ಅದನ್ನು ವರ್ಷವಿಡೀ ಹಾರಿಸಲು ಬಿಟ್ಟಿತು. 2004ರಲ್ಲಿ ನವೀನ್ ಜಿಂದಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗೌರವದಿಂದ ಧ್ವಜ ಹಾರಿಸುವುದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದಿತು. ಅಲ್ಲಿಂದ ಮುಂದಿನ ತಿರುವು ಬಂದದ್ದು 2021ರ ಡಿಸೆಂಬರ್ 30ರ ತಿದ್ದುಪಡಿಯಲ್ಲಿ. ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ದೊರೆಯಿತು. ಮರುವರ್ಷ ‘ಹರ್ ಘರ್ ತಿರಂಗಾ’ ಅಭಿಯಾನ ಬಂತು, ರಾತ್ರಿಯೂ ಧ್ವಜ ಹಾರಿಸಬಹುದೆಂಬ ನಿಯಮವೂ ಬಂತು.

ಕೋಟಿಗಟ್ಟಲೆ ಧ್ವಜಗಳನ್ನು ಕೆಲವೇ ವಾರಗಳಲ್ಲಿ ಮಗ್ಗದಿಂದ ಒದಗಿಸುವುದು ಆಗದ ಮಾತು ಎಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ಧ್ವಜ ಎಲ್ಲರ ಮನೆಗೂ ತಲುಪಲಿ ಎಂದಾಗ, ಅದನ್ನು ನೂಲುವ ಕೆಲಸ ಎಷ್ಟು ಮನೆಗಳಿಗೆ ತಲುಪಬಹುದಿತ್ತು ಎಂಬ ಲೆಕ್ಕವನ್ನೂ ಹಾಕಬೇಕಿತ್ತು. ಬೆಂಗೇರಿಯಲ್ಲಿ ತಿದ್ದುಪಡಿಯ ವಿರುದ್ಧ ಪ್ರತಿಭಟನೆ ನಡೆಯಿತು. ತಿದ್ದುಪಡಿ ಇನ್ನೂ ಜಾರಿಯಲ್ಲಿದೆ. ಖಾದಿ ಧ್ವಜಕ್ಕೆ ನಿಷೇಧವೇನೂ ಇಲ್ಲ. ಪಾಲಿಯೆಸ್ಟರಿನ ಬೆಲೆಯ ಎದುರು ಅದು ಅಂಗಡಿಯಲ್ಲಿ ನಿಲ್ಲಬೇಕಷ್ಟೆ.