ಕಡಲಿನಿಂದ ಕಸದ ಚೀಲದವರೆಗೆ: ಸೀಗಲ್‌ಗಳು ಊರು ಸೇರಿದ ಕಥೆ

ಕಸದ ಗಾಡಿ ಬರುವ ದಿನದ ಮುಂಜಾನೆ ಬ್ರಿಟನ್ನಿನ ಕರಾವಳಿಯ ಊರುಗಳಲ್ಲಿ ಒಂದು ನೋಟ ಮತ್ತೆ ಮತ್ತೆ ಕಾಣಸಿಗುತ್ತದೆ. ಮನೆಯ ಮುಂದಿಟ್ಟ ಪ್ಲಾಸ್ಟಿಕ್ ಚೀಲ ಬಾಯಿಬಿಟ್ಟಿರುತ್ತದೆ, ತಿಂದುಳಿದದ್ದೆಲ್ಲ ಬೀದಿಗೆ ಚೆಲ್ಲಿರುತ್ತದೆ, ನಡುವೆ ಹಳದಿ ಕೊಕ್ಕಿನ ದೊಡ್ಡ ಹಕ್ಕಿ ನಿಂತಿರುತ್ತದೆ. ಕಂಡವರು ಬೈಯುವುದು ಹಕ್ಕಿಯನ್ನೇ. ಆದರೆ ಹೆರಿಂಗ್ ಗಲ್ ಎಂಬ ಈ ಸೀಗಲ್ ಊರಿಗೆ ಬಂದ ಜಾಡು ಹಿಡಿದು ಹಿಂದಕ್ಕೆ ನಡೆದರೆ ದಾರಿಯುದ್ದಕ್ಕೂ ಸಿಗುವುದು ಮನುಷ್ಯರ ಕಸ.

19ನೇ ಶತಮಾನದಲ್ಲಿ ಅಲ್ಲಿ ಕಡಲ ಹಕ್ಕಿಗಳನ್ನು ಮೋಜಿಗಾಗಿ, ಟೋಪಿಗೆ ಸಿಕ್ಕಿಸುವ ಗರಿಗಾಗಿ ಮನಬಂದಂತೆ ಗುಂಡಿಟ್ಟು ಕೊಲ್ಲುತ್ತಿದ್ದರು. ಅದನ್ನು ತಡೆಯಲು 1869ರಲ್ಲಿ ಕಾಯ್ದೆಯೇ ಬೇಕಾಯಿತು. ಇನ್ನೊಂದು ತಿರುವು ಬಂದದ್ದು ಹಕ್ಕಿಗಳಿಗೆ ಸಂಬಂಧವೇ ಇಲ್ಲದ ಕಡೆಯಿಂದ. 1952ರಲ್ಲಿ ಲಂಡನ್ನಿನಲ್ಲಿ ಸಾವಿರಾರು ಜನರನ್ನು ಬಲಿ ಪಡೆದ ಹೊಗೆಮಂಜಿನ ನಂತರ, 1956ರಲ್ಲಿ ಶುದ್ಧ ಗಾಳಿಯ ಕಾಯ್ದೆ ಜಾರಿಗೆ ಬಂತು. ಕಸದ ರಾಶಿಗೆ ಬೆಂಕಿಯಿಡುವ ರೂಢಿ ಹಿಂದೆ ಸರಿದು, ಊಟದ ಮನೆಯ ಕಸವೆಲ್ಲ ಸುಡದೆ ಬಯಲಿಗೆ ಬಂದು ಬೀಳತೊಡಗಿತು. ಸೀಗಲ್‌ಗಳಿಗೆ ಅದು ವರ್ಷವಿಡೀ ತೆರೆದಿರುವ ಉಗ್ರಾಣವಾಯಿತು.

ಗೂಡಿಗೆ ಕಟ್ಟಡಗಳ ಮಾಳಿಗೆಗಳಿದ್ದವು. ನರಿ ಹತ್ತಲಾರದ ಎತ್ತರ, ಕಡಲಬಂಡೆಯಂತೆಯೇ ಚಪ್ಪಟೆಯಾದ ಅಂಚು. ಈ ಹಕ್ಕಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು, ಹುಟ್ಟಿದ ನೆಲೆಯ ಆಸುಪಾಸಿಗೇ ಮರಳಿ ಮರಿ ಮಾಡುವ ಒಲವೂ ಅದಕ್ಕಿದೆ. ಒಮ್ಮೆ ಬೇರೂರಿದ ವಸಾಹತನ್ನು ಕದಲಿಸುವುದು ಕಷ್ಟ. 1999ರಲ್ಲಿ ಐರೋಪ್ಯ ಒಕ್ಕೂಟದ ನಿರ್ದೇಶನ ಬಂದು, ಕೊಳೆಯುವ ಕಸವನ್ನು ನೆಲದಲ್ಲಿ ಹೂಳುವುದು ಕಡಿಮೆಯಾಗುತ್ತಾ ಹೋಯಿತು. ಆ ಹೊತ್ತಿಗೆ ಮಾಳಿಗೆಯ ಹಕ್ಕಿಗಳಿಗೆ ಬೀದಿಯ ಚೀಲದ ಪರಿಚಯ ಚೆನ್ನಾಗಿಯೇ ಆಗಿತ್ತು.

ಊರಲ್ಲಿ ಕಾಟವೆನಿಸಿದ ಇದೇ ಹೆರಿಂಗ್ ಗಲ್ 2009ರಲ್ಲಿ ಬ್ರಿಟನ್ನಿನಲ್ಲಿ ಅಪಾಯದ ಅಂಚಿನ ಹಕ್ಕಿಗಳ ಕೆಂಪು ಪಟ್ಟಿ ಸೇರಿತು ಎಂಬುದು ನನ್ನನ್ನು ಬಹಳ ಕಾಡುತ್ತದೆ. ಕಡಲಬಂಡೆಗಳಲ್ಲಿ ಅದರ ಸಂಖ್ಯೆ ಕುಸಿದಿದೆ. ಹಕ್ಕಿ, ಗೂಡು, ಮೊಟ್ಟೆ ಮೂರಕ್ಕೂ 1981ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಕೊಲ್ಲುವಂತಿಲ್ಲ ಎಂದಮೇಲೆ ದೂರವಿಡುವ ದಾರಿ ಹುಡುಕಲೇಬೇಕು. 2015ರ ಮಾರ್ಚ್ ಬಜೆಟ್ಟಿನಲ್ಲಿ ನಗರದ ಸೀಗಲ್‌ಗಳ ಅಧ್ಯಯನಕ್ಕೆಂದು ಎರಡೂವರೆ ಲಕ್ಷ ಪೌಂಡ್ ಘೋಷಣೆಯಾಯಿತು. ಚುನಾವಣೆ ಮುಗಿದು ಕೆಲವೇ ತಿಂಗಳಲ್ಲಿ ಆ ಹಣ ರದ್ದಾಯಿತು. ಅದೇ ಜುಲೈನಲ್ಲಿ ಪ್ರಧಾನಿ ಡೇವಿಡ್ ಕ್ಯಾಮರೂನ್ ಸೀಗಲ್‌ಗಳ ಬಗ್ಗೆ ದೊಡ್ಡ ಚರ್ಚೆ ನಡೆಯಬೇಕು ಎಂದರು. ಹಣ ಹಿಂತೆಗೆದುಕೊಂಡು ಚರ್ಚೆಗೆ ಕರೆ ಕೊಟ್ಟದ್ದು ಅನ್ಯಾಯ.

ಕೆಲಸ ಮುಂದುವರಿದದ್ದು ವಿಶ್ವವಿದ್ಯಾಲಯಗಳಲ್ಲಿ. ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ತಿಂಡಿಯ ಚೀಲವೊಂದನ್ನು ನೆಲದ ಮೇಲಿಟ್ಟು ಪರೀಕ್ಷಿಸಿದರು. ಮನುಷ್ಯ ದಿಟ್ಟಿಸಿ ನೋಡುತ್ತಿದ್ದರೆ ಹಕ್ಕಿ ಹತ್ತಿರ ಬರಲು ಸರಾಸರಿ 21 ಸೆಕೆಂಡು ಹೆಚ್ಚು ತೆಗೆದುಕೊಂಡಿತು. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೊಂದು ಲೆಕ್ಕ: ಪರೀಕ್ಷಿಸಲು ಹೊರಟ 74 ಹಕ್ಕಿಗಳಲ್ಲಿ ತಿಂಡಿಯ ಹತ್ತಿರ ಬಂದದ್ದು 27 ಮಾತ್ರ. ಕೆಲವು ಧೈರ್ಯಶಾಲಿಗಳ ಕೆಟ್ಟ ಹೆಸರನ್ನು ಇಡೀ ಜಾತಿ ಹೊತ್ತಿದೆ. 2020ರಲ್ಲಿ ಪ್ರಕಟವಾದ ಬ್ರಿಸ್ಟಲ್ ಅಧ್ಯಯನವೊಂದು ಕಪ್ಪು ಬೆನ್ನಿನ ಸೀಗಲ್‌ಗಳಿಗೆ ಜಿಪಿಎಸ್ ಕಟ್ಟಿ ನೋಡಿತು. ಶಾಲೆಯ ಬಿಡುವಿನ ವೇಳೆಗೂ ಕಸದ ಕೇಂದ್ರ ತೆರೆಯುವ ಹೊತ್ತಿಗೂ ಅವು ತಮ್ಮ ಓಡಾಟವನ್ನು ಹೊಂದಿಸಿಕೊಂಡಿದ್ದವು. 2025ರಲ್ಲಿ ಎಕ್ಸೆಟರ್ ತಂಡವೇ ಕಾರ್ನ್‌ವಾಲ್‌ನ ಒಂಬತ್ತು ಊರುಗಳಲ್ಲಿ 61 ಹಕ್ಕಿಗಳಿಗೆ ಧ್ವನಿಮುದ್ರಣ ಕೇಳಿಸಿತು. ಮನುಷ್ಯರ ಮಾತು, ಕೂಗು ಎರಡರ ಸದ್ದಿನ ಮಟ್ಟವೂ ಒಂದೇ. ಕೂಗು ಕೇಳಿದವುಗಳಲ್ಲಿ ಅರ್ಧದಷ್ಟು ಒಂದು ನಿಮಿಷದೊಳಗೆ ಹಾರಿಹೋದವು. ಮಾತು ಕೇಳಿದವುಗಳಲ್ಲಿ ಹಾಗೆ ಹಾರಿದ್ದು ಶೇ. 15 ಮಾತ್ರ. ಸದ್ದಿನ ಜೋರಿಗಲ್ಲ, ದನಿಯಲ್ಲಿರುವ ಗದರಿಕೆಗೆ ಅವು ಅಂಜುತ್ತವೆ.

ಬೀದಿಯ ಕಸದ ಚೀಲವನ್ನು ದಿಟ್ಟಿಸುತ್ತಾ, ಗದರುತ್ತಾ ಕಾಯುವವರು ಯಾರೂ ಇರುವುದಿಲ್ಲ. ಪ್ಲಾಸ್ಟಿಕ್ ಗೂಬೆಯಂಥ ಬೆದರುಬೊಂಬೆಗಳಿಗೂ ಈ ಚಾಣಾಕ್ಷ ಹಕ್ಕಿ ಬೇಗ ಒಗ್ಗಿಕೊಳ್ಳುತ್ತದೆ. ಬಾತ್ ನಗರದಲ್ಲಿ ಕೊಕ್ಕಿಗೆ ಹರಿಯದ, ಮತ್ತೆ ಮತ್ತೆ ಬಳಸಬಹುದಾದ ಗಟ್ಟಿ ಚೀಲಗಳನ್ನು ಮನೆಗಳಿಗೆ ಹಂಚಲಾಗಿದೆ. ಕಸದ ಚೀಲವನ್ನು ಅದರೊಳಗಿಟ್ಟು ಬಾಯಿ ಮುಚ್ಚಬೇಕು. ಹಿಂದಿನ ರಾತ್ರಿಯೇ ಬರಿಯ ಚೀಲ ಹೊರಗಿಟ್ಟರೆ, ಗಾಡಿಗಿಂತ ಮೊದಲು ನಸುಕಿನಲ್ಲೇ ಬೀದಿಗಿಳಿಯುವುದು ಸೀಗಲ್.