ಸಿಎಸ್‌ಆರ್ ಎಂದರೆ ದಾನವಲ್ಲ

ಸರ್ಕಾರಿ ಶಾಲೆಗೆ ಕಂಪನಿಯೊಂದು ತನ್ನ ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆ) ಹಣದಲ್ಲಿ ಎರಡು ಕೊಠಡಿ ಕಟ್ಟಿಸಿಕೊಟ್ಟರೆ ಸುದ್ದಿಯ ತಲೆಬರಹದಲ್ಲಿ ‘ಸಿಎಸ್‌ಆರ್ ದಾನ’, ಉದ್ಘಾಟನೆಯ ಭಾಷಣದಲ್ಲಿ ‘ಕೊಡುಗೈ ದಾನಿಗಳು’, ಗೋಡೆಯ ಕಲ್ಲಿನಲ್ಲೂ ಅದೇ ಮಾತು. ಇದನ್ನು ಓದಿ ಓದಿ ಸಾಕಾಗಿದೆ. ಕೊಠಡಿ ಬೇಕಿತ್ತು, ಬಂತು, ಸಂತೋಷ. ಆದರೆ ಅದು ದಾನವಲ್ಲ.

ದಾನ ಕೊಡದವರಿಗೆ ಯಾರೂ ದಂಡ ಹಾಕುವುದಿಲ್ಲ. ಸಿಎಸ್‌ಆರ್‌ಗೆ ಕಾನೂನಿನ ಕಟ್ಟು ಇದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ಹಣಕಾಸು ವರ್ಷದಲ್ಲಿ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಯಾವುದೋ ಒಂದನ್ನು ಮುಟ್ಟಿದ ಕಂಪನಿ ತನ್ನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ಶೇ 2ರಷ್ಟನ್ನು ಕಾಯ್ದೆಯ ಏಳನೇ ಅನುಸೂಚಿಯಲ್ಲಿರುವ ಕೆಲಸಗಳಿಗೆ ಖರ್ಚು ಮಾಡಲೇಬೇಕು. ಲಾಭ ಕ್ರಮವಾಗಿ 8, 10, 12 ಕೋಟಿ ಬಂದಿದ್ದರೆ ಸರಾಸರಿ 10 ಕೋಟಿ, ಸಿಎಸ್‌ಆರ್ 20 ಲಕ್ಷ. ಮೊದಮೊದಲು ಖರ್ಚು ಮಾಡದವರು ವರದಿಯಲ್ಲೊಂದು ಕಾರಣ ಬರೆದು ಪಾರಾಗಬಹುದಿತ್ತು. 2021ರ ಜನವರಿಯಲ್ಲಿ ಆ ದಾರಿ ಮುಚ್ಚಿತು. ಈಗ ಉಳಿದ ಹಣ ಅನುಸೂಚಿಯಲ್ಲಿ ಹೇಳಿದ ನಿಧಿಗೆ ಹೋಗಬೇಕು. ಯೋಜನೆ ಇನ್ನೂ ನಡೆಯುತ್ತಿದ್ದರೆ ಬ್ಯಾಂಕಿನ ಪ್ರತ್ಯೇಕ ಖಾತೆಯಲ್ಲಿ ಕೂರಬೇಕು. ತಪ್ಪಿದ ಕಂಪನಿಗೆ ಬಾಕಿಯ ಎರಡು ಪಟ್ಟು ಅಥವಾ 1 ಕೋಟಿ ರೂಪಾಯಿ, ಯಾವುದು ಕಡಿಮೆಯೋ ಅಷ್ಟು ದಂಡ.

‘ಎಲ್ಲ ತೆರಿಗೆ ಉಳಿಸೋಕೆ’ ಎನ್ನುವವರಿಗೂ ಒಂದು ಮಾತು: ಸಿಎಸ್‌ಆರ್‌ಗೆ ಹಾಕಿದ ಹಣವನ್ನು ವ್ಯಾಪಾರದ ಖರ್ಚೆಂದು ತೋರಿಸುವಂತಿಲ್ಲ ಎಂದು 2014ರ ಹಣಕಾಸು ಕಾಯ್ದೆಯೇ ಹೇಳಿದೆ.

ಇದಕ್ಕಿಂತ ಬೇಸರದ ಸಂಗತಿ ಇನ್ನೊಂದಿದೆ. ಕಂಪನಿ ತನ್ನ ಕರ್ತವ್ಯವನ್ನಷ್ಟೇ ಮಾಡಿದರೂ ಅದಕ್ಕೆ ಸಿಎಸ್‌ಆರ್ ಎಂಬ ಹೆಸರು ಅಂಟಿಸುವುದು. ಕಾರ್ಖಾನೆಯ ಕೊಳಕು ನೀರನ್ನು ಶುದ್ಧ ಮಾಡಿ ಹೊರಬಿಡುವುದು 1974ರ ಜಲ ಮಾಲಿನ್ಯ ಕಾಯ್ದೆಯ ಪ್ರಕಾರ ಮಾಡಲೇಬೇಕಾದ ಕೆಲಸ. ಅದಕ್ಕೆ ಹಾರ ತುರಾಯಿ ಏಕೆ? ನೌಕರರ ಪಿಎಫ್ (ಭವಿಷ್ಯನಿಧಿ), ಇಎಸ್‌ಐ (ಆರೋಗ್ಯ ವಿಮೆ) ಕಟ್ಟುವುದಕ್ಕೂ ಇದೇ ಉತ್ತರ. ತನ್ನ ನೌಕರರ ಮಕ್ಕಳಿಗೆ ಮಾತ್ರ ಕೊಡುವ ವಿದ್ಯಾರ್ಥಿವೇತನ, ಸರಕಿನ ಪ್ರಚಾರಕ್ಕೆಂದು ಪ್ರಾಯೋಜಿಸಿದ ಓಟ, ರಾಜಕೀಯ ಪಕ್ಷಕ್ಕೆ ಕೊಟ್ಟ ದೇಣಿಗೆ, ಇವನ್ನು ಸಿಎಸ್‌ಆರ್ ನಿಯಮಗಳೇ ಹೊರಗಿಟ್ಟಿವೆ.

ಬಳ್ಳಾರಿ, ಸಂಡೂರಿನ ಕಡೆ ಡಿಎಂಎಫ್ (ಜಿಲ್ಲಾ ಖನಿಜ ಪ್ರತಿಷ್ಠಾನ) ಹಣವನ್ನೂ ಇದೇ ಚೀಲಕ್ಕೆ ತುಂಬುವವರಿದ್ದಾರೆ. ಈ ಪ್ರತಿಷ್ಠಾನ ಬಂದದ್ದು 2015ರಲ್ಲಿ ಗಣಿ ಕಾಯ್ದೆಗೆ ಆದ ತಿದ್ದುಪಡಿಯಿಂದ. ಹಳೆಯ ಗುತ್ತಿಗೆದಾರರು ರಾಜಧನದ (ಅದಿರಿಗೆಂದು ಸರ್ಕಾರಕ್ಕೆ ಕಟ್ಟುವ ಹಣದ) ಶೇ 30ರಷ್ಟನ್ನು, ಆಮೇಲೆ ಹರಾಜಿನಲ್ಲಿ ಗಣಿ ಪಡೆದವರು ಶೇ 10ರಷ್ಟನ್ನು ಅದಕ್ಕೆ ಕಟ್ಟಬೇಕು. ಅದು ಗಣಿಗಾರಿಕೆಯಿಂದ ತೊಂದರೆಗೊಳಗಾದ ಊರುಗಳಿಗೆ ಸಲ್ಲಬೇಕಾದ ಹಣ. ಅದರಲ್ಲಿ ಆದ ಆಸ್ಪತ್ರೆಯನ್ನು ಕಂಪನಿಯ ಉಪಕಾರ ಎಂದರೆ ಕೆಂಪು ಧೂಳು ಕುಡಿದು ಬದುಕಿದವರಿಗೆ ಅನ್ಯಾಯ.

‘ಸಾಮಾಜಿಕ ಹೊಣೆ’ಯ ಚರ್ಚೆ ಶುರುವಾದಾಗ ಅದರ ಹರವು ಇಷ್ಟು ಕಿರಿದಾಗಿರಲಿಲ್ಲ. 1953ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಹೋವರ್ಡ್ ಬೋವೆನ್ ಎತ್ತಿದ್ದು ವ್ಯಾಪಾರದ ತೀರ್ಮಾನಗಳು ಸಮಾಜದ ಆಶಯಗಳಿಗೆ ಹೊಂದುತ್ತವೆಯೇ ಎಂಬ ಪ್ರಶ್ನೆಯನ್ನು. ಅಂದರೆ ಲಾಭ ಹೇಗೆ ಬಂತು ಎಂಬುದೂ ಅದರೊಳಗಿತ್ತು. ನಮ್ಮ 135ನೇ ಸೆಕ್ಷನ್ ಲಾಭ ಬಂದ ನಂತರದ ಪಾಲನ್ನು ಮಾತ್ರ ಕೇಳುತ್ತದೆ. ಹಾಗಾಗಿ ‘ಈ ಕಂಪನಿ ಸಿಎಸ್‌ಆರ್‌ನಲ್ಲಿ ಕೆರೆ ಹೂಳೆತ್ತಿಸಿದೆ, ಇವರ ಸಾಮಾನೇ ಕೊಳ್ಳೋಣ’ ಎಂಬ ತರ್ಕ ನಿಲ್ಲುವುದಿಲ್ಲ. ಬಟ್ಟೆ ಹೊಲಿದವರಿಗೆ ಕೊಟ್ಟ ಕೂಲಿ ಎಷ್ಟು, ಬಣ್ಣದ ನೀರು ಯಾವ ಹಳ್ಳ ಸೇರಿತು ಎಂಬುದನ್ನು ಹೂಳೆತ್ತಿದ ಕೆರೆ ಹೇಳಲಾರದು.

ಅದನ್ನು ತಿಳಿಯಲು ಬೇರೆ ಕಾಗದವಿದೆ. ಷೇರುಪೇಟೆಯಲ್ಲಿ ಮಾರುಕಟ್ಟೆ ಮೌಲ್ಯದ ಲೆಕ್ಕದಲ್ಲಿ ಮೊದಲ 1,000 ಕಂಪನಿಗಳು ಬಿಆರ್‌ಎಸ್‌ಆರ್ (ವ್ಯವಹಾರದ ಹೊಣೆ ಮತ್ತು ಸುಸ್ಥಿರತೆಯ ವರದಿ) ಕೊಡಬೇಕೆಂದು 2022–23ರಿಂದ ಷೇರುಪೇಟೆಯ ನಿಯಂತ್ರಕ ಸೆಬಿ ಕಡ್ಡಾಯ ಮಾಡಿದೆ. ಬಳಸಿದ ನೀರು, ಹೊರಬಿದ್ದ ತ್ಯಾಜ್ಯ, ಕೆಲಸದ ಜಾಗದ ಅಪಘಾತ, ಹೆಂಗಸರ ಮತ್ತು ಗಂಡಸರ ಸಂಬಳ, ಎಲ್ಲ ಅದರಲ್ಲಿರಬೇಕು. ವಾರ್ಷಿಕ ವರದಿಯ ಜೊತೆಗೇ ಬರುವ ಈ ಪುಟಗಳನ್ನು ಯಾರು ಬೇಕಾದರೂ ತೆರೆದು ಓದಬಹುದು.